ನಾವಿ ಭಾಷೆಯಲ್ಲಿ ‘ನಾವು’ ಎನ್ನಲು ಕಲಿತದ್ದು

ಒಂದನೇ ತರಗತಿಯಲ್ಲಿ ‘ಙ’ ತಿದ್ದಿದ ಮೇಲೆ ಆ ಅಕ್ಷರ ನನಗೆ ನಿಜವಾಗಿ ಬೇಕಾದದ್ದು ಇಪ್ಪತ್ತು ವರ್ಷಗಳ ನಂತರ. ನಾವಿ ಭಾಷೆಯಲ್ಲಿ ‘ನೀನು’ ಎನ್ನಲು ‘ಙ’ ಎಂದರೆ ಸಾಕು. ಕನ್ನಡದ ಯಾವ ಪದದ ಮೊದಲಿಗೂ ಬಾರದ ಈ ಅಕ್ಷರ ಅಲ್ಲಿ ದಿನಬಳಕೆಯದು.

ನಾವಿ ಎಂಬುದು 2009ರ ‘ಅವತಾರ್’ ಚಿತ್ರದಲ್ಲಿ ಪಂಡೋರಾ ಎಂಬ ಉಪಗ್ರಹದ ನೀಲಿ ಮೈಯ ಜನರು ಆಡುವ ಭಾಷೆ. ನಿರ್ದೇಶಕ ಜೇಮ್ಸ್ ಕ್ಯಾಮರಾನ್ ಕೈಯಲ್ಲಿದ್ದದ್ದು ಕೆಲವೇ ಪದಗಳು. ಅವಕ್ಕೆ ಧ್ವನಿ, ವ್ಯಾಕರಣ, ಶಬ್ದಕೋಶ ಕೊಟ್ಟು ಆಡುಭಾಷೆಯಾಗಿ ಬೆಳೆಸಿದವರು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಫ್ರಾಮರ್. 2005ರಲ್ಲಿ ಆ ಕೆಲಸ ಹಿಡಿದ ಅವರು ಚಿತ್ರ ಬಂದು ಹೋದ ಮೇಲೂ ಬಿಡಲಿಲ್ಲ. ಕಲಿಯುವವರು ಪ್ರಶ್ನೆ ಕೇಳಿದಂತೆಲ್ಲ ಹೊಸ ಪದ, ಹೊಸ ನಿಯಮ ಸೇರಿಸುತ್ತ ಬಂದರು. ಹಾಗಾಗಿಯೇ ನನ್ನಂಥವರಿಗೆ ಇದನ್ನು ಪಟ್ಟಾಗಿ ಕೂತು ಕಲಿಯಲು ಸಾಧ್ಯವಾಯಿತು.

ಮೊದಲ ಆರು ತಿಂಗಳು ನಾನು ತಪ್ಪು ದಾರಿಯಲ್ಲಿ ನಡೆದೆ. ಈ ಭಾಷೆಯಲ್ಲಿ ಕ, ತ, ಪಗಳಿಗೆ ಗಟ್ಟಿಯಾಗಿ ಸಿಡಿಯುವ ಇನ್ನೊಂದು ರೂಪವಿದೆ. ನಾನು ಅವನ್ನು ನೋಟ್‌ಬುಕ್ಕಿನಲ್ಲಿ ಖ, ಥ, ಫ ಎಂದು ಬರೆದುಕೊಂಡೆ. ಕಣ್ಣು ಓದಿದ್ದನ್ನೇ ನಾಲಿಗೆ ಆಡಿತು. ನನ್ನ ಧ್ವನಿಮುದ್ರಣ ಕೇಳಿದ ಹಿರಿಯ ಕಲಿಕೆಗಾರರೊಬ್ಬರು ‘ಇದರಲ್ಲಿ ಉಸಿರು ಹೆಚ್ಚಾಯಿತು’ ಎಂದರು. ಮಹಾಪ್ರಾಣವೆಂದರೆ ಉಸಿರನ್ನು ಹೊರಗೆ ಬಿಡುವುದು. ಇಲ್ಲಿ ಬೇಕಾದದ್ದು ಉಸಿರನ್ನು ಗಂಟಲಿನಲ್ಲೇ ತಡೆಯುವುದು. ತುಟಿಯ ಮುಂದೆ ಬಸ್ ಟಿಕೆಟ್ ಹಿಡಿದು ‘ಖ’ ಎಂದೆ, ಅದು ಹಾರಾಡಿತು. ಗಂಟಲು ಬಿಗಿಹಿಡಿದು, ಉಸಿರು ಬಿಡದೆ ‘ಕ’ವನ್ನು ಸಿಡಿಸಿದೆ. ಟಕ್ ಎಂಬ ಒಣ ಸದ್ದು ಬಂತು, ಟಿಕೆಟ್ ಅಲುಗಿದ್ದು ತೀರ ಕಡಿಮೆ. ಆ ರಾತ್ರಿಯೇ ನೋಟ್‌ಬುಕ್ಕಿನ ಮಹಾಪ್ರಾಣಗಳನ್ನೆಲ್ಲ ಹೊಡೆದುಹಾಕಿ, ಅಲ್ಪಪ್ರಾಣದ ಕೆಳಗೆ ಕೆಂಪು ಚುಕ್ಕೆಯಿಟ್ಟು ಮತ್ತೆ ಬರೆದೆ. ‘ಮಾತನಾಡು’ ಎಂಬುದಕ್ಕೆ ಇರುವ ‘ಪೢತೆ’ ಎಂಬ ಪದದಲ್ಲಿ ಅಂಥದೊಂದು ‘ತ’ ಬರುತ್ತದೆ. ಅದರ ಜೊತೆಗೆ ನಮ್ಮ ವರ್ಣಮಾಲೆಯಿಂದ ಹೆಚ್ಚುಕಡಿಮೆ ಮರೆಯಾಗಿರುವ ‘ಌ’ಕಾರವೂ ಬರುತ್ತದೆ. ಅದು ಬಾಯಿಗೆ ಬಂದ ದಿನ ನಾನು ಅಡುಗೆಮನೆಗೆ ಓಡಿ ಅಮ್ಮನಿಗೆ ಹೇಳಿ ತೋರಿಸಿದೆ.

ಕ್ರಿಯಾಪದಗಳಲ್ಲಿ ಕನ್ನಡ ಲಿಪಿ ಇನ್ನೊಂದು ಪಾಠ ಕಲಿಸಿತು. ನಾವು ಕಾಲವನ್ನು ಧಾತುವಿನ ಕೊನೆಗೆ ಹಚ್ಚುತ್ತೇವೆ: ಮಾಡು, ಮಾಡಿದ. ನಾವಿಯಲ್ಲಿ ಅದು ಪದದ ಹೊಟ್ಟೆಯೊಳಗೆ ಹೋಗಿ ಕೂರುತ್ತದೆ. ‘ತರೋನ್’ ಎಂದರೆ ಬೇಟೆಯಾಡು. ಬೇಟೆಯಾಡಿದ ಎನ್ನಲು ‘ತಮರೋನ್’, ಬೇಟೆಯಾಡುವನು ಎನ್ನಲು ‘ತಯರೋನ್’. ‘ತ’ ಎಂದು ಇಡಿಯಾಗಿ ಬರೆದಾಗ ಸೇರಿಸುವ ಜಾಗವೇ ಕಾಣುವುದಿಲ್ಲ, ಏಕೆಂದರೆ ಸೇರಬೇಕಾದದ್ದು ವ್ಯಂಜನಕ್ಕೂ ಸ್ವರಕ್ಕೂ ನಡುವೆ. ಶಾಲೆಯಲ್ಲಿ ಕಾಗುಣಿತ ಬಿಡಿಸಿದ ಹಾಗೆ ತ್ + ಅರೋನ್ ಎಂದು ಬಿಡಿಸಿ, ನಡುವೆ ‘ಅಮ್’ ಇಟ್ಟಾಗ ಎಲ್ಲವೂ ತಿಳಿಯಾಯಿತು. ಇನ್ನೂರು ಚೀಟಿಗಳನ್ನು ಹಾಗೆ ಕತ್ತರಿಸಿಕೊಂಡೆ. ಕನ್ನಡ ಬಲ್ಲವರು ಯಾರಾದರೂ ನಾವಿ ಕಲಿಯಲು ಹೊರಟರೆ ನಾನು ಮೊದಲು ಹೇಳುವುದು ಇದನ್ನೇ.

ಚಿತ್ರ ನೋಡಿದವರಿಗೆಲ್ಲ ಗೊತ್ತಿರುವ ‘ಓಎಲ್ ಙತಿ ಕಮೆಇಎ’ ಎಂಬ ಮಾತು, ‘ನಾನು ನಿನ್ನನ್ನು ಕಾಣುತ್ತೇನೆ’, ಆಮೇಲೆ ನನಗೆ ಬೇರೆಯಾಗಿಯೇ ಕೇಳಿಸಿತು. ‘ಙತಿ’ಯ ‘ತಿ’ ನಮ್ಮ ‘ಅನ್ನು’ ಪ್ರತ್ಯಯದ ಕೆಲಸ ಮಾಡುತ್ತದೆ. ‘ಕಮೆ’ ಎಂಬುದು ಕಣ್ಣಿನ ನೋಟವಲ್ಲ, ಒಳಗನ್ನು ಅರಿಯುವ ಕಾಣ್ಕೆ. ಬರೀ ಕಣ್ಣಿನ ನೋಟಕ್ಕೆ ಬೇರೆಯೇ ಪದವಿದೆ. ‘ಕಮೆ’ಯ ನಡುವೆ ಸೇರಿಕೊಂಡ ‘ಎಇ’ ಹೇಳುವವರ ಸಂತೋಷವನ್ನು ಸೂಚಿಸುತ್ತದೆ. ಎರಡೇ ಸ್ವರಗಳಲ್ಲಿ ಅಷ್ಟು ಅಡಗಿದೆ!

ಅಂಕಿಗಳಿಗೆ ಹೆಚ್ಚು ದಿನ ಹಿಡಿಯಲಿಲ್ಲ. ಅವರ ಕೈಗೆ ನಾಲ್ಕೇ ಬೆರಳುಗಳಾದ್ದರಿಂದ ಎಣಿಕೆ ಎಂಟರ ಲೆಕ್ಕದಲ್ಲಿ ನಡೆಯುತ್ತದೆ. ಎಂಟು ‘ವೋಲ್’, ಹತ್ತು ಎಂದರೆ ಎಂಟರ ಮೇಲೆ ಎರಡು, ‘ವೋಮುನ್’. ಬಸ್ ನಿಲ್ದಾಣಗಳನ್ನು ಎಣಿಸುತ್ತ ಕಲಿತೆ.

ನನ್ನನ್ನು ಬಹಳ ಕಾಲ ಹಿಡಿದು ನಿಲ್ಲಿಸಿದ್ದು ‘ನಾವು’. ನಾವಿಯಲ್ಲಿ ಅದಕ್ಕೆ ಒಂದಲ್ಲ, ಆರು ರೂಪ. ಇಬ್ಬರೇ, ಮೂವರೇ, ಅದಕ್ಕಿಂತ ಹೆಚ್ಚೇ ಎಂದು ನೋಡಬೇಕು. ಕೇಳುತ್ತಿರುವವರನ್ನು ಸೇರಿಸಿಕೊಂಡೇ, ಬಿಟ್ಟೇ ಎಂದೂ ನೋಡಬೇಕು. ದೂರದೇಶದ ಹೊಸ ಕಲಿಕೆಗಾರರೊಬ್ಬರಿಗೆ ಬರೆದ ಮೊದಲ ಪತ್ರದಲ್ಲಿ, ಎಲ್ಲರೂ ಕೂಡಿ ಕಲಿಯೋಣ ಎಂಬ ಅರ್ಥದಲ್ಲಿ ನಾನು ‘ಅಯೋಎ ನಯುಮೆ’ ಎಂದು ಬರೆದೆ. ‘ಹಾಗಾದರೆ ನಾನು ಹೊರಗೋ?’ ಎಂದು ಉತ್ತರ ಬಂತು. ‘ಅಯೋಎ’ ಕೇಳುವವರನ್ನು ಬಿಟ್ಟ ‘ನಾವು’. ನನಗೆ ಸಂಕಟವಾಯಿತು. ನಮ್ಮದು ತುಳು ಮನೆಮಾತು. ‘ನಮ’ ಎಂದರೆ ನಿಮ್ಮನ್ನೂ ಸೇರಿಸಿ, ‘ಎಂಕುಲು’ ಎಂದರೆ ನಿಮ್ಮನ್ನು ಬಿಟ್ಟು. ಹುಟ್ಟಿನಿಂದ ಬಾಯಲ್ಲಿದ್ದ ಭೇದ ಬರೆಯುವಾಗ ನೆನಪಾಗಲೇ ಇಲ್ಲ, ಏಕೆಂದರೆ ಬರವಣಿಗೆಯ ಹೊತ್ತಿಗೆ ನಾನು ಯೋಚಿಸುವುದು ಕನ್ನಡದಲ್ಲಿ. ಕನ್ನಡಕ್ಕೆ ಎರಡಕ್ಕೂ ಒಂದೇ ‘ನಾವು’.

ಅಂದಿನಿಂದ ವಿಭಕ್ತಿಗಳನ್ನು ಕನ್ನಡದಲ್ಲಿ ಯೋಚಿಸುತ್ತೇನೆ, ಸರ್ವನಾಮಗಳನ್ನು ತುಳುವಿನಲ್ಲಿ. ಆ ಪತ್ರವನ್ನು ಹೊಸದಾಗಿ ಬರೆಯಲು ಕುಳಿತಾಗ ‘ನಮ’ ಎಂದು ಒಮ್ಮೆ ಗಟ್ಟಿಯಾಗಿ ಹೇಳಿಕೊಂಡೆ. ಆಮೇಲೆ ಬರೆದೆ: ‘ಅಯೋಎಙ್ ನಯುಮೆ.’