ಇಳಿವಯಸ್ಸಿನಲ್ಲಿ ಹೆಗಲಿಗೆ ಪೆಟ್ಟಾದಾಗ: ಮುಂಬಯಿಯ ಮನೆಗಳಿಗೊಂದು ಮಾರ್ಗದರ್ಶಿ

ಅರವತ್ತು ದಾಟಿದವರ ಹೆಗಲಿಗೆ ಪೆಟ್ಟಾದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ‘ವಯಸ್ಸಾಯಿತು, ನೋವು ಇದ್ದದ್ದೇ’ ಎಂದು ಎಣ್ಣೆ ತಿಕ್ಕಿಕೊಂಡು ತಿಂಗಳುಗಟ್ಟಲೆ ದೂಡುತ್ತಾರೆ. ಇಲ್ಲವೇ, ಅಲುಗಾಡಿಸಿದರೆ ಎಲ್ಲಿ ಹೆಚ್ಚಾಗುವುದೋ ಎಂಬ ಭಯದಿಂದ ಕೈಯನ್ನು ಎದೆಗೆ ಅವಚಿಕೊಂಡು ಕುಳಿತುಬಿಡುತ್ತಾರೆ. ಎರಡರಿಂದಲೂ ಹೆಗಲು ಕೆಡುತ್ತದೆ. ನೋವಿನ ಕಾರಣವೇನೆಂದು ಮೊದಲ ವಾರದೊಳಗೇ ಖಚಿತಪಡಿಸಿಕೊಳ್ಳುವುದು, ಆಮೇಲೆ ವೈದ್ಯರು ಒಪ್ಪಿಗೆ ಕೊಟ್ಟ ದಿನದಿಂದಲೇ ಅಳತೆಯರಿತು ಕೈಯನ್ನು ಆಡಿಸತೊಡಗುವುದು, ಈ ಎರಡು ಕೆಲಸಗಳ ಮೇಲೆ ಮುಂದಿನ ಚೇತರಿಕೆಯ ಬಹುಪಾಲು ನಿಂತಿದೆ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳನ್ನು ಮೊದಲಿಗೇ ಹೇಳಿಬಿಡುತ್ತೇನೆ. ಬಿದ್ದ ಮೇಲೆ ಹೆಗಲಿನ ಆಕಾರ ಬದಲಾಗಿದ್ದರೆ, ತೋಳನ್ನು ಸ್ವಲ್ಪವೂ ಎತ್ತಲಾಗದಿದ್ದರೆ, ಬೆರಳುಗಳು ತಣ್ಣಗಾಗಿ ಬಿಳಿಚಿಕೊಂಡಿದ್ದರೆ, ಹೆಗಲಿನ ಹೊರಭಾಗ ಅಥವಾ ಕೈ ಜೋಮು ಹಿಡಿದಿದ್ದರೆ ಅದೇ ದಿನ ಎಕ್ಸ್‌ರೇ ಆಗಲೇಬೇಕು. ಕೀಲು ಬಿಸಿಯಾಗಿ ಕೆಂಪೇರಿ, ಜೊತೆಗೆ ಜ್ವರವೂ ಬಂದಿದ್ದರೆ ಸೋಂಕಿನ ಸಾಧ್ಯತೆಯಿದೆ; ಅದನ್ನೂ ಮರುದಿನಕ್ಕೆ ಬಿಡಬಾರದು. ಪೆಟ್ಟೇ ಆಗದೆ ಹೆಗಲು, ತೋಳು, ದವಡೆ ನೋಯತೊಡಗಿ, ಎದೆ ಬಿಗಿದು, ಬೆವರೊಡೆದು, ಉಸಿರು ಕಟ್ಟಿದಂತಾದರೆ ಅದು ಹೆಗಲಿನ ನೋವಲ್ಲ, ಹೃದಯದ್ದೇ ಇರಬಹುದು; ಆಗ ಮುಲಾಮು ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಬಿದ್ದ ಕೂಡಲೇ ಮೂಳೆ ಕೂಡಿಸುವವರ ಬಳಿಗೆ, ಇಲ್ಲಿನವರು ಹಾಡವೈದ್ಯರೆನ್ನುವವರ ಬಳಿಗೆ, ಒಯ್ದು ಕೈಯನ್ನು ಎಳೆಸಬೇಡಿ. ಒಳಗೆ ಬಿರುಕು ಬಿಟ್ಟಿರುವ ಮೂಳೆ ಆ ಎಳೆತದಲ್ಲಿ ಸ್ಥಾನ ತಪ್ಪಿದರೆ, ಕೈಯನ್ನು ಕತ್ತಿನಿಂದ ತೂಗುಹಾಕುವ ಜೋಳಿಗೆ ಪಟ್ಟಿಯಲ್ಲೇ ವಾಸಿಯಾಗುತ್ತಿದ್ದ ಮುರಿತ ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು.

ಹೆಗಲಿನ ಕೀಲು ದೇಹದ ಬೇರೆಲ್ಲ ಕೀಲುಗಳಿಗಿಂತ ಹೆಚ್ಚು ದಿಕ್ಕುಗಳಲ್ಲಿ ತಿರುಗುತ್ತದೆ. ತೋಳಿನ ಮೂಳೆಯ ಗುಂಡನೆಯ ತಲೆ ಕೂತಿರುವ ಗುಳಿ ಸಣ್ಣ ತಟ್ಟೆಯಷ್ಟೇ ಆಳವಿರುವುದರಿಂದ, ಅದನ್ನು ಅಲ್ಲಿ ಹಿಡಿದಿಡುವ ಹೊಣೆ ಬಹುಮಟ್ಟಿಗೆ ಸುತ್ತಲಿನ ಸ್ನಾಯುಗಳ ಮೇಲೆ ಬೀಳುತ್ತದೆ. ರೊಟೇಟರ್ ಕಫ್ ಎಂದು ಕರೆಯುವ ನಾಲ್ಕು ಸ್ನಾಯುಗಳು ಮತ್ತು ಅವುಗಳ ತುದಿಯನ್ನು ಮೂಳೆಗೆ ಬಿಗಿಯುವ ರಜ್ಜುಗಳು ಈ ಕೆಲಸ ಮಾಡುತ್ತವೆ. ವಯಸ್ಸಾದಂತೆ ಈ ರಜ್ಜುಗಳು ಸವೆಯುತ್ತವೆ. ಯಾವ ನೋವೂ ಇಲ್ಲದ ಹಿರಿಯರಲ್ಲಿಯೂ ಸ್ಕ್ಯಾನ್ ಮಾಡಿಸಿದರೆ ರಜ್ಜು ಹರಿದಿರುವುದು ಕಾಣಿಸುವುದು ಅಪರೂಪವಲ್ಲ. ಆದ್ದರಿಂದ ವರದಿಯಲ್ಲಿ ‘ಹರಿದಿದೆ’ ಎಂಬ ಮಾತನ್ನು ಕಂಡ ಮಾತ್ರಕ್ಕೆ ಮನೆಯವರು ಕಂಗೆಡಬೇಕಿಲ್ಲ. ಚಿಕಿತ್ಸೆ ಸ್ಕ್ಯಾನಿಗಲ್ಲ, ಮನುಷ್ಯರಿಗೆ.

ವೈದ್ಯರು ಪರೀಕ್ಷಿಸುವಾಗ ಗಮನಿಸುವ ಒಂದು ಸಂಗತಿ ಮನೆಯವರಿಗೂ ತಿಳಿದಿದ್ದರೆ ಒಳ್ಳೆಯದು. ಹಿರಿಯರು ತಾವಾಗಿ ಎತ್ತಲಾಗದ ಕೈಯನ್ನು ಇನ್ನೊಬ್ಬರು ಹಿಡಿದೆತ್ತಿದಾಗ ಅದು ಸಾಕಷ್ಟು ಮೇಲೇರಿದರೆ ರಜ್ಜು ಹರಿದಿರುವ ಸಂಭವ ಹೆಚ್ಚು. ಯಾರೆತ್ತಿದರೂ ಏರದೆ, ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು ಮುಂಗೈಯನ್ನು ಹೊರಕ್ಕೆ ತಿರುಗಿಸುವಾಗಲೂ ಬಾಗಿಲಿಗೆ ಚಿಲಕ ಬಿದ್ದಂತೆ ತಡೆದು ನಿಂತರೆ, ಕೀಲಿನ ಸುತ್ತಲ ಕವಚ ಬಿಗಿದುಕೊಂಡಿರುವ ‘ಫ್ರೋಜನ್ ಶೋಲ್ಡರ್’ ಅಥವಾ ಕೀಲಿನ ಸವೆತ ಇರಬಹುದು. ಫ್ರೋಜನ್ ಶೋಲ್ಡರ್ ಮಧುಮೇಹಿಗಳನ್ನು ಹೆಚ್ಚಾಗಿ ಕಾಡುತ್ತದೆ. ತಾನಾಗಿ ಸಡಿಲಗೊಳ್ಳಲು ಒಂದರಿಂದ ಮೂರು ವರ್ಷ ತೆಗೆದುಕೊಳ್ಳಬಹುದು. ಬಿದ್ದ ಕೆಲವು ದಿನಗಳಲ್ಲಿ ಕಪ್ಪುನೀಲಿ ಕಲೆ ತೋಳಿನುದ್ದಕ್ಕೂ ಮೊಣಕೈವರೆಗೆ ಇಳಿದು ಬಂದರೆ ತೋಳಿನ ಮೂಳೆಯ ಕತ್ತಿನಲ್ಲಿ, ಎಂದರೆ ಅದರ ಗುಂಡನೆಯ ತಲೆಯ ಕೆಳಭಾಗದಲ್ಲಿ, ಮುರಿತವಿದೆಯೇ ಎಂದು ನೋಡಿಸಲೇಬೇಕು. ಆದರೆ ಬಿದ್ದ ಕೈಯ ಮೇಲೆ ಈ ಎತ್ತಿ ತಿರುಗಿಸುವ ಪರೀಕ್ಷೆಗಳನ್ನು ಎಕ್ಸ್‌ರೇ ಆಗುವ ಮೊದಲು ಮನೆಯಲ್ಲಿ ಮಾಡಕೂಡದು.

ಖಾಸಗಿ ವೈದ್ಯರ ಖರ್ಚು ಭರಿಸಲಾಗದವರಿಗೆ ಮುಂಬಯಿಯಲ್ಲಿ ದಾರಿಗಳಿವೆ. ಪರೇಲಿನ ಕೆಇಎಂ, ಸಾಯನ್ನಿನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್ ಇವು ಮಹಾನಗರಪಾಲಿಕೆಯ ಆಸ್ಪತ್ರೆಗಳು, ಬೈಕುಲಾದ ಜೆ.ಜೆ. ರಾಜ್ಯ ಸರ್ಕಾರದ್ದು. ಇಲ್ಲೆಲ್ಲ ಮೂಳೆ ವಿಭಾಗವೂ ಫಿಜಿಯೋಥೆರಪಿಯೂ ಇವೆ. ಹಾಜಿ ಅಲಿಯ ಬಳಿ ಅಂಗಚಲನೆಯ ಪುನರ್ವಸತಿಗೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆಯೂ ಇದೆ. ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕಾಗುತ್ತದೆ, ಸರತಿ ಉದ್ದವಿರುತ್ತದೆ. ಹಾಗಾಗಿ ಹಿರಿಯರನ್ನು ಬೆಂಚಿನಲ್ಲಿ ಕೂರಿಸಿ ಸಾಲಿನಲ್ಲಿ ನಿಲ್ಲಲು ಜೊತೆಗೊಬ್ಬರು ಬೇಕೇ ಬೇಕು. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆಯ ಮಾತ್ರೆ, ಬಿಪಿ ಮಾತ್ರೆ, ಇವುಗಳ ಹೆಸರು ವೈದ್ಯರಿಗೆ ಗೊತ್ತಾಗದೆ ನೋವಿನ ಮಾತ್ರೆ ಬರೆಸಿಕೊಳ್ಳುವುದು ಅಪಾಯಕರ.

ನೋವಿನ ಮಾತ್ರೆಯ ವಿಚಾರದಲ್ಲಿ ನನಗೆ ತೀರ ಆತಂಕವಿರುವುದು, ಕೆಮಿಸ್ಟ್ ಅಂಗಡಿಯಲ್ಲಿ ಬಾಯಿಮಾತಿನಲ್ಲೇ ಕೇಳಿ ತರುವ ರೂಢಿಯ ಬಗ್ಗೆ. ಡೈಕ್ಲೋಫಿನ್ಯಾಕ್, ಎಸಿಕ್ಲೋಫಿನ್ಯಾಕ್, ಐಬುಪ್ರೊಫೆನ್ ಮೊದಲಾದವು ವಯಸ್ಸಾದವರ ಹೊಟ್ಟೆಯಲ್ಲಿ ರಕ್ತಸ್ರಾವ ತರಬಲ್ಲವು, ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು, ರಕ್ತದೊತ್ತಡವನ್ನೂ ಏರಿಸಬಲ್ಲವು. ಪ್ಯಾರಾಸಿಟಮಾಲ್ ಇವುಗಳಿಗಿಂತ ಸುರಕ್ಷಿತ. ಆದರೂ ಹಿರಿಯರಿಗೆ ದಿನಕ್ಕೆ 3 ಗ್ರಾಂ ಮೀರದಂತೆ, ತೂಕ ಕಡಿಮೆಯಿದ್ದವರಿಗೂ ಯಕೃತ್ತಿನ ತೊಂದರೆಯಿದ್ದವರಿಗೂ ಇನ್ನೂ ಕಡಿಮೆ ಕೊಡುವುದು ವಾಡಿಕೆ. ಎಸಿಕ್ಲೋಫಿನ್ಯಾಕ್ ಇರುವ ಅನೇಕ ಮಾತ್ರೆಗಳಲ್ಲಿ, ನೆಗಡಿಯ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಬೆರೆತೇ ಇರುತ್ತದೆ. ಬೇರೆ ಬೇರೆ ಹೆಸರಿನ ಎರಡು ಮಾತ್ರೆ ನುಂಗಿ ಒಂದೇ ಔಷಧಿಯನ್ನು ದುಪ್ಪಟ್ಟು ತೆಗೆದುಕೊಂಡಂತಾಗುತ್ತದೆ. ಮಾತ್ರೆಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಮನೆಯ ಮಕ್ಕಳಿಂದಲಾದರೂ ಓದಿಸಿ.

ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ, ದಿನಕ್ಕೆ ಕೆಲವು ಬಾರಿ ಇಟ್ಟರೆ ಬಾವು ಇಳಿಯುತ್ತದೆ. ಬಾವು ಇಳಿದ ಮೇಲೆ ಬಿಸಿ ಶಾಖ ಹಿತವೆನಿಸಿದರೆ ಕೊಡಬಹುದು. ಮಧುಮೇಹದಿಂದ ಚರ್ಮದ ಸ್ಪರ್ಶ ಮಂದವಾಗಿರುವವರಿಗೆ ಮಾತ್ರ ಶಾಖದ ಬಿಸಿಯನ್ನು ಬೇರೆಯವರು ಮುಟ್ಟಿ ನೋಡಿಯೇ ಇಡಬೇಕು. ಜೋಳಿಗೆ ಪಟ್ಟಿ ಹಾಕಿದಾಗ ಮುಂಗೈ ಮೊಣಕೈಗಿಂತ ತುಸು ಮೇಲಿರಲಿ, ಪಟ್ಟಿಯ ಗಂಟು ಕತ್ತಿನ ಮೂಳೆಯ ಮೇಲೆ ಕೂರದಿರಲಿ. ಪಟ್ಟಿ ಹಾಕಿದ ಮೊದಲ ದಿನದಿಂದಲೇ ಬೆರಳು ಮಡಚಿ ಬಿಡಿಸುವುದು, ಮಣಿಕಟ್ಟು ತಿರುಗಿಸುವುದು, ವೈದ್ಯರು ಬೇಡವೆನ್ನದಿದ್ದರೆ ಮೊಣಕೈಯನ್ನೂ ಚಾಚುವುದು ನಡೆಯುತ್ತಿರಬೇಕು. ಇದನ್ನು ಬಿಟ್ಟವರ ಕೈ ಊದಿ, ಹೆಗಲು ವಾಸಿಯಾಗುವ ಹೊತ್ತಿಗೆ ಬೆರಳುಗಳು ಸೆಟೆದಿರುತ್ತವೆ.

ಈ ಗಾಯದಲ್ಲಿ ಹಗಲಿಗಿಂತ ರಾತ್ರಿ ಕಷ್ಟ. ಪೂರ್ತಿ ಚಪ್ಪಟೆಯಾಗಿ ಮಲಗಿದಾಗ ತೋಳಿನ ಭಾರ ಹಿಂದಕ್ಕೆ ಜಗ್ಗಿ ನೋವು ಕೆರಳುತ್ತದೆ. ಬೆನ್ನಿಗೆ ಎರಡು ಮೂರು ದಿಂಬು ಒರಗಿಸಿ ಅರ್ಧ ಕೂತಂತೆ ಮಲಗಿಸಿ, ನೋಯುವ ತೋಳಿನ ಕೆಳಗೆ, ಮೊಣಕೈಯಿಂದ ಹೆಗಲಿನವರೆಗೆ, ಮಡಚಿದ ಹಳೆಯ ಸೀರೆಯೊಂದನ್ನು ಒತ್ತಿಡಿ. ಮೊಣಕೈ ಎದೆಯ ಮಟ್ಟಕ್ಕಿಂತ ಹಿಂದೆ ಬೀಳದಿದ್ದರೆ ಸಾಕು. ಒಳ್ಳೆಯ ಪಕ್ಕಕ್ಕೆ ಹೊರಳಿ ಮಲಗುವವರು ಎದೆಯ ಮುಂದೆ ದಿಂಬಿಟ್ಟುಕೊಂಡು ಅದರ ಮೇಲೆ ಕೈ ಚಾಚಲಿ. ಡೊಂಬಿವಲಿಯ ನಮ್ಮ ಮನೆಯಲ್ಲಿ ಅತ್ತೆಯವರು ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಜಾರಿ ಬಿದ್ದಾಗ, ಅವರಿಗೆ ನಿದ್ದೆ ತಂದದ್ದು ಮಾತ್ರೆಗಿಂತ ಹೆಚ್ಚಾಗಿ ಈ ಮಡಚಿದ ಸೀರೆಯೇ. ನಿದ್ದೆಗೆಟ್ಟ ಮುದುಕರು ನೋವನ್ನು ತಾಳಲಾರರು, ವ್ಯಾಯಾಮವನ್ನಂತೂ ಮಾಡಲಾರರು. ಆದ್ದರಿಂದ ಮಲಗುವ ಏರ್ಪಾಡನ್ನು ಮೊದಲು ಸರಿಪಡಿಸಿ.

ಬಟ್ಟೆ ತೊಡುವಾಗ ನೋಯುವ ಕೈ ಮೊದಲು ಬಟ್ಟೆಯ ತೋಳಿನೊಳಗೆ ಹೋಗಬೇಕು, ಬಿಚ್ಚುವಾಗ ಕೊನೆಗೆ ಹೊರಬರಬೇಕು. ಮುಂದೆ ಗುಂಡಿಯಿರುವ ಸಡಿಲ ರವಿಕೆ, ಗಂಡಸರಿಗೆ ಬನಿಯನ್ನಿನ ಬದಲು ಅರ್ಧ ತೋಳಿನ ಅಂಗಿ, ಹೆಂಗಸರಿಗೆ ಕೆಲವು ವಾರ ಮುಂದೆ ಬಿಚ್ಚುವ ನೈಟಿ ಅನುಕೂಲ. ಜೀವನವಿಡೀ ಸೀರೆ ಬಿಟ್ಟು ಬೇರೇನೂ ಉಡದವರು ಇದಕ್ಕೆ ಒಪ್ಪದಿರಬಹುದು. ಅವರನ್ನು ಬಲವಂತಪಡಿಸದೆ, ನೆರಿಗೆ ಸೆರಗುಗಳನ್ನು ಮನೆಯವರೇ ಕೂಡಿಸಿ ಪಿನ್ನು ಹಾಕಿಕೊಡಿ. ಮುಂಬಯಿಯ ಸೆಕೆಯಲ್ಲಿ ಎದೆಗೆ ಅಂಟಿಕೊಂಡ ಕೈಯ ಕಂಕುಳು ಬೆವರಿ ಹುಣ್ಣಾಗುತ್ತದೆ. ಸ್ನಾನದ ಸ್ಟೂಲಿನ ಮೇಲೆ ಕೂತು ತುಸು ಮುಂದಕ್ಕೆ ಬಾಗಿದರೆ ಕೈ ತಾನಾಗಿ ದೇಹದಿಂದ ದೂರ ತೂಗುತ್ತದೆ; ಆ ಸಂದಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಒತ್ತಿ ಒಣಗಿಸಬಹುದು. ಕೈ ಎತ್ತಿಸುವ ಅಗತ್ಯವೇ ಇಲ್ಲ. ಮುರಿತವಿದ್ದವರು ಈ ಕ್ರಮಕ್ಕೂ ವೈದ್ಯರ ಒಪ್ಪಿಗೆ ಪಡೆದಿರಲಿ.

ವ್ಯಾಯಾಮವನ್ನು ಯಾವಾಗ ಶುರುಮಾಡಬೇಕೆಂಬುದನ್ನು ಗಾಯದ ಬಗೆ ನಿರ್ಧರಿಸುತ್ತದೆ. ಸ್ಥಾನ ಹೆಚ್ಚು ತಪ್ಪದ ಮುರಿತದಲ್ಲಿ ಸಾಮಾನ್ಯವಾಗಿ ಎರಡು ಮೂರು ವಾರದೊಳಗೆ ಹೆಗಲನ್ನು ಮೆಲ್ಲಗೆ ಆಡಿಸಲು ಹೇಳುತ್ತಾರೆ. ಬರೀ ಉಳುಕಾದರೆ ಕೆಲವೇ ದಿನಗಳಲ್ಲಿ. ಮೊದಲನೆಯದು ತೂಗುವ ವ್ಯಾಯಾಮ. ಒಳ್ಳೆಯ ಕೈಯನ್ನು ಮೇಜಿನ ಮೇಲೂರಿ ಮುಂದಕ್ಕೆ ಬಾಗಿ, ನೋಯುವ ಕೈಯನ್ನು ಸಡಿಲ ಬಿಟ್ಟು, ಸೊಂಟವನ್ನು ಹಿಂದೆ ಮುಂದೆ ಆಡಿಸಿದರೆ ಕೈ ತಾನೇ ತೂಗುತ್ತದೆ. ತೋಳಿನ ಸ್ನಾಯುವಿನಿಂದ ಕೈಯನ್ನು ಬೀಸಿದರೆ ಅದರ ಉದ್ದೇಶವೇ ಕೆಡುತ್ತದೆ. ಬಾಗಿದಾಗ ತಲೆ ಸುತ್ತುವವರು ಕುರ್ಚಿಯಲ್ಲಿ ಕೂತೇ ಮಾಡಲಿ. ಎರಡನೆಯದಕ್ಕೆ ಬಟ್ಟೆ ಒಣಹಾಕುವ ಕೋಲು ಸಾಕು. ಅಂಗಾತ ಮಲಗಿ ಎರಡೂ ಕೈಗಳಲ್ಲಿ ಕೋಲು ಹಿಡಿದು, ಒಳ್ಳೆಯ ಕೈಯಿಂದ ದೂಡುತ್ತ ನೋಯುವ ಕೈಯನ್ನು ಮೇಲಕ್ಕೂ, ಮೊಣಕೈ ಪಕ್ಕೆಗೊತ್ತಿಟ್ಟು ಹೊರಕ್ಕೂ ಒಯ್ಯಬೇಕು. ಶ್ರಮವೆಲ್ಲ ಒಳ್ಳೆಯ ಕೈಯದು. ಇದು ಸುಲಭವಾದ ಮೇಲೆ ಗೋಡೆಗೆದುರಾಗಿ ನಿಂತು ಬೆರಳುಗಳನ್ನು ಒಂದೊಂದಾಗಿ ಮೇಲೇರಿಸುವುದು. ತಲುಪಿದ ಎತ್ತರಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿಡಿ. ವಾರಕ್ಕೊಮ್ಮೆ ಗೆರೆ ಏರಿರುವುದನ್ನು ಕಂಡರೆ ಹಿರಿಯರಲ್ಲಿ ಬರುವ ಹುರುಪು ನೂರು ಉಪದೇಶಕ್ಕಿಂತ ಹೆಚ್ಚು.

ಎಷ್ಟು ನೋವು ಸರಿ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಹತ್ತರಲ್ಲಿ ಮೂರು ನಾಲ್ಕರಷ್ಟು ನೋವು ಮಾಡುವಾಗ ಬಂದು, ತುಸು ಹೊತ್ತಿನಲ್ಲೇ ಇಳಿದರೆ ಮುಂದುವರಿಸಿ. ಆ ರಾತ್ರಿ ನಿದ್ದೆಗೆಡುವಷ್ಟು ನೋವಾದರೆ ಮರುದಿನ ಅರ್ಧಕ್ಕಿಳಿಸಿ, ಆದರೆ ಪೂರ್ತಿ ನಿಲ್ಲಿಸಬೇಡಿ. ದಿನಕ್ಕೊಮ್ಮೆ ಒಂದು ಗಂಟೆ ಒದ್ದಾಡುವುದಕ್ಕಿಂತ ಮೂರು ನಾಲ್ಕು ಬಾರಿ ಐದೈದು ನಿಮಿಷ ಮಾಡುವುದು ಮೇಲು. ಸವೆದು ಹರಿದ ರಜ್ಜಿಗೆ ಇಂಥ ಅಭ್ಯಾಸವನ್ನು ಸುಮಾರು ಮೂರು ತಿಂಗಳು ನಡೆಸಿದ ಬಳಿಕವೇ ಅದು ಫಲಿಸಿತೋ ಇಲ್ಲವೋ ಎಂದು ತೀರ್ಮಾನಿಸುವುದು ನ್ಯಾಯ.

ಸ್ಟೆರಾಯ್ಡ್ ಚುಚ್ಚುಮದ್ದು ಕೆಲವು ವಾರಗಳ ಮಟ್ಟಿಗೆ ನೋವನ್ನು ತಗ್ಗಿಸಿ ವ್ಯಾಯಾಮಕ್ಕೆ ದಾರಿ ಮಾಡಿಕೊಡಬಲ್ಲದು. ಮಧುಮೇಹಿಗಳಲ್ಲಿ ಅದು ಕೆಲವು ದಿನ ರಕ್ತದ ಸಕ್ಕರೆಯನ್ನು ಏರಿಸುವುದರಿಂದ ಆ ದಿನಗಳಲ್ಲಿ ಹೆಚ್ಚು ಬಾರಿ ಪರೀಕ್ಷಿಸಬೇಕು. ಬೀಳುವವರೆಗೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ಕೈ ಬಿದ್ದ ಮೇಲೆ ಏಳದಂತಾಗಿದ್ದರೆ ಮಾತ್ರ, ‘ವಯಸ್ಸಾದವರಿಗೆ ಆಪರೇಷನ್ ಯಾಕೆ’ ಎನ್ನದೆ ಮೊದಲ ಕೆಲವು ವಾರಗಳಲ್ಲೇ ಶಸ್ತ್ರಚಿಕಿತ್ಸಕರ ಅಭಿಪ್ರಾಯ ಕೇಳಬೇಕು. ಹರಿದ ರಜ್ಜಿನ ಸ್ನಾಯು ತಿಂಗಳುಗಳು ಕಳೆದಂತೆ ಸೊರಗಿ ಕೊಬ್ಬಾಗುತ್ತದೆ. ಆಮೇಲೆ ಹೊಲಿದರೂ ಹಿಡಿಯುವುದು ಕಷ್ಟ.

ಮನೆಯಿಂದ ಹೊರಡುವಾಗ ಲೋಕಲ್ ರೈಲಿನ ದಟ್ಟಣೆಯ ವೇಳೆಯನ್ನು ತಪ್ಪಿಸಿ. ತಲೆಯ ಮೇಲಿನ ಹಿಡಿಕೆಗೆ ನೇತಾಡುವುದು ವಾಸಿಯಾಗುತ್ತಿರುವ ಹೆಗಲಿಗೆ ಅಪಾಯಕರ. ಬ್ರೇಕು ಬಿದ್ದ ಒಂದು ಜಗ್ಗಿಗೆ ವಾರಗಳ ಗಳಿಕೆ ಹೋಗಬಹುದು. ಸೊಂಟದ ಮಟ್ಟದಲ್ಲಿ ಕಂಬ ಹಿಡಿಯಿರಿ, ಅದೂ ಒಳ್ಳೆಯ ಕೈಯಲ್ಲಿ. ಹತ್ತಿಸುವವರು ಹಿರಿಯರ ರಟ್ಟೆ ಹಿಡಿದೆಳೆಯದೆ ಬೆನ್ನಿಗೆ, ಸೊಂಟಕ್ಕೆ ಆಸರೆ ಕೊಡಲಿ. ಪಟ್ಟಿ ಕಟ್ಟಿದ ಕೈಯಿಂದ ದೇಹದ ಸಮತೋಲನವೂ ತಪ್ಪುವುದರಿಂದ, ಜೂನಿನಿಂದ ಸೆಪ್ಟೆಂಬರಿನವರೆಗೆ ಪಾಚಿಗಟ್ಟುವ ಮೆಟ್ಟಿಲು, ಒದ್ದೆ ಪ್ಲಾಟ್‌ಫಾರಂ, ಸವೆದ ರಬ್ಬರ್ ಚಪ್ಪಲಿ ಇವುಗಳಿಂದ ಮತ್ತೊಮ್ಮೆ ಬೀಳುವ ಭಯ ಹೆಚ್ಚು. ಬಚ್ಚಲಿನಲ್ಲಿ ಒಳ್ಳೆಯ ಕೈ ಇರುವ ಬದಿಗೆ ಗೋಡೆಗೊಂದು ಗಟ್ಟಿ ಹಿಡಿಕೆ ಹಾಕಿಸಿ. ನಿಂತಲ್ಲಿಂದ ಬಿದ್ದು ಮೂಳೆ ಮುರಿದಿದ್ದರೆ ಅದು ಮೂಳೆ ಟೊಳ್ಳಾಗಿರುವುದರ ಸೂಚನೆ. ಹೆಗಲು ಕೂಡಿಕೊಂಡಿತೆಂದು ಸುಮ್ಮನಾಗದೆ ಮೂಳೆಸಾಂದ್ರತೆಯ ಪರೀಕ್ಷೆ, ವಿಟಮಿನ್ ಡಿ, ಕಣ್ಣಿನ ಪೊರೆ, ನಿಂತಾಗ ಇಳಿಯುವ ಬಿಪಿ, ಇವನ್ನೆಲ್ಲ ನೋಡಿಸಿ.

ಕೆಲಸಕ್ಕೆ ಮರಳುವಾಗ ಸೊಂಟದ ಮಟ್ಟದ ಕೆಲಸ ಮೊದಲು, ಎದೆಯ ಮಟ್ಟದ್ದು ಆಮೇಲೆ, ತಲೆಗಿಂತ ಮೇಲಿನದು ಕಟ್ಟಕಡೆಗೆ. ತರಕಾರಿ ಹೆಚ್ಚುವುದು, ಹಿಟ್ಟು ಕಲಸುವುದು ಬೇಗ ಸಾಧ್ಯವಾಗುತ್ತದೆ. ತುರಿಮಣೆಯಲ್ಲಿ ಕಾಯಿ ತುರಿಯಲು, ನೀರು ಬಂದ ಹೊತ್ತಿನಲ್ಲಿ ತುಂಬಿದ ಬಾಲ್ದಿ ಎತ್ತಲು ತಿಂಗಳುಗಳೇ ಬೇಕಾಗುತ್ತವೆ, ಅಲ್ಲಿಯವರೆಗೆ ಮಗ್ಗಿನಲ್ಲಿ ಬಗ್ಗಿಸಿ ತುಂಬಿಕೊಳ್ಳಲಿ. ದಿನಬಳಕೆಯ ಡಬ್ಬಗಳನ್ನು ಮಾಳಿಗೆಯಿಂದಲೂ ಮೇಲಿನ ಹಲಗೆಯಿಂದಲೂ ಇಳಿಸಿ ಕಟ್ಟೆಯ ಮೇಲಿಡಿ. ಸೂರಿಗೆ ಕಟ್ಟಿದ ಹಗ್ಗಕ್ಕೆ ಕೋಲಿನಿಂದ ಒದ್ದೆ ಸೀರೆ ಎತ್ತಿ ಹರಡುವ ಕೆಲಸವನ್ನಂತೂ ಹಿರಿಯರಿಂದ ಪೂರ್ತಿ ತೆಗೆದುಬಿಡಿ. ರಾಟೆಯಿಂದ ಕೆಳಗಿಳಿಸಿ ಮೇಲೇರಿಸುವ ಸರಳುಗಳನ್ನು ಹಾಕಿಸಿದರೆ ಬಟ್ಟೆಯನ್ನು ಎದೆಮಟ್ಟದಲ್ಲೇ ಹರಡಬಹುದು, ಹಗ್ಗವನ್ನು ಮನೆಯ ಬೇರೆ ಯಾರಾದರೂ ಎಳೆದುಕೊಡಬಹುದು.