ಕಾರ್ಡ್ ಹೊಸದು, ಎರಡನೇ ಮಾನಿಟರ್ ಕಪ್ಪು: ಸರಿ ಮಾಡುವುದು ಹೇಗೆ?

ಹಳೇ ಡೆಸ್ಕ್‌ಟಾಪಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದವರ ದೂರು ಹೆಚ್ಚಾಗಿ ಒಂದೇ. ‘ಮೊದಲು ಎರಡೂ ಮಾನಿಟರ್ ಬರ್ತಿತ್ತು, ಈಗ ಒಂದೇ ಬರ್ತಿದೆ. ಕಾರ್ಡೇ ಡಿಫೆಕ್ಟ್ ಇರಬೇಕು.’ ಮದುವೆ ಆಲ್ಬಂ ಮಾಡುವ ಸ್ಟುಡಿಯೊ, ಡಿಟಿಪಿ ಅಂಗಡಿ, ಟ್ಯಾಲಿ ಕೆಲಸದ ಆಫೀಸು, ಎಲ್ಲ ಕಡೆಯೂ ಇದೇ ಮಾತು ಕೇಳಿದ್ದೇನೆ. ನಿಜಕ್ಕೂ ಕಾರ್ಡ್ ಕೆಟ್ಟಿರುವುದು ತೀರಾ ಕಡಿಮೆ. ತೊಂದರೆ ಇರುವುದು ಕಾರ್ಡಿಗೂ ಮಾನಿಟರಿಗೂ ನಡುವೆ. ಆದರೆ ಜನ ಮೊದಲು ಕೈ ಹಾಕುವುದು ವಿಂಡೋಸ್ ಫಾರ್ಮ್ಯಾಟ್‌ಗೆ. ದಯವಿಟ್ಟು ಬೇಡ. ಅದರಿಂದ ಒಂದು ದಿನ ಹಾಳಾಗುತ್ತದೆ, ಮಾನಿಟರ್ ಮಾತ್ರ ಬರುವುದಿಲ್ಲ.

ನಮ್ಮಲ್ಲಿ ಜಾಸ್ತಿ ಕಾಣುವ ಜೋಡಿಯನ್ನೇ ಇಲ್ಲಿ ಉದಾಹರಣೆಗೆ ಇಟ್ಟುಕೊಳ್ಳೋಣ. ಇಂಟೆಲ್ ಫೋರ್ತ್ ಜನರೇಶನ್ ಐ5 ಇರುವ ಹಳೇ ಡೆಸ್ಕ್‌ಟಾಪ್. ಅದಕ್ಕೆ ಹೊಸದಾಗಿ ಹಾಕಿದ, ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 1650 ಕಾರ್ಡ್. ಒಂದು ಮಾನಿಟರಿಗೆ ಎಚ್‌ಡಿಎಂಐ ಇದೆ, ಇನ್ನೊಂದಕ್ಕೆ ನೀಲಿ ಬಣ್ಣದ ವಿಜಿಎ ಬಿಟ್ಟರೆ ಬೇರೇನೂ ಇಲ್ಲ.

ಮೊದಲು ಪವರ್ ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆಯಿರಿ. ಕ್ಯಾಬಿನೆಟ್ ಬಿಚ್ಚಿ ಕಾರ್ಡ್ ಸ್ಲಾಟಿನಲ್ಲಿ ಪೂರ್ತಿ ಕೂತಿದೆಯೇ, ತುದಿಯ ಲಾಕ್ ಬಿದ್ದಿದೆಯೇ ನೋಡಿ. ಕಾರ್ಡಿನಲ್ಲಿ 6 ಪಿನ್ ಅಥವಾ 8 ಪಿನ್ ಪವರ್ ಸಾಕೆಟ್ ಇದ್ದರೆ ಅದಕ್ಕೆ ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ) ನೇರ ಕೇಬಲ್ ಬಂದಿರಬೇಕು. ಹಾರ್ಡ್‌ಡಿಸ್ಕಿನ ನಾಲ್ಕು ಪಿನ್ ವೈರನ್ನು ಆರು ಪಿನ್ನಿಗೆ ಬದಲಿಸುವ ಅಡಾಪ್ಟರ್ ಬಳಸಬೇಡಿ, ಅದು ಬಿಸಿಯಾಗಿ ಕರಗುವ ಅಪಾಯ ಇದೆ. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. 1650ರ ಸಾಕಷ್ಟು ಮಾಡೆಲ್‌ಗಳು ಅಷ್ಟರಲ್ಲೇ ಓಡುತ್ತವೆ. ಹಳೇ ಯಂತ್ರಕ್ಕೆ ನಾನು ಅವನ್ನೇ ಹೇಳುವುದು.

ಈಗ ಹಿಂಭಾಗಕ್ಕೆ ಬನ್ನಿ. ಟವರ್ ಕ್ಯಾಬಿನೆಟ್ಟಿನಲ್ಲಿ ಮೇಲ್ಗಡೆ ಯುಎಸ್‌ಬಿ, ಆಡಿಯೊ ಪಕ್ಕ ಇರುವುದು ಮದರ್‌ಬೋರ್ಡಿನ ಪೋರ್ಟ್‌ಗಳು. ಕೆಳಗೆ ಅಡ್ಡಡ್ಡ ಇರುವುದು ಕಾರ್ಡಿನವು. ಹೊಸ ಮಾನಿಟರಿನ ಎಚ್‌ಡಿಎಂಐಯನ್ನು ಕಾರ್ಡಿಗೆ ಹಾಕಿ, ವಿಜಿಎ ಕೇಬಲನ್ನು ಮಾತ್ರ ಮೊದಲಿದ್ದ ಜಾಗದಲ್ಲೇ, ಅಂದರೆ ಮದರ್‌ಬೋರ್ಡಿನಲ್ಲೇ ಬಿಟ್ಟಿರುತ್ತಾರೆ. ಕಾರ್ಡ್ ಬಂದ ಕೂಡಲೇ ಬಹುತೇಕ ಮದರ್‌ಬೋರ್ಡುಗಳು ತಮ್ಮ ಒಳಗಿನ ಗ್ರಾಫಿಕ್ಸನ್ನು ತಾವೇ ಆಫ್ ಮಾಡುತ್ತವೆ. ಹಾಗಾಗಿ ಆ ಮಾನಿಟರಿನಲ್ಲಿ ‘ನೋ ಸಿಗ್ನಲ್’.

ಇದಕ್ಕೊಂದು ಅಡ್ಡದಾರಿ ಇದೆ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ‘ಐಜಿಪಿಯು ಮಲ್ಟಿ ಮಾನಿಟರ್’ ಅಥವಾ ‘ಇಂಟರ್ನಲ್ ಗ್ರಾಫಿಕ್ಸ್’ ಎಂಬ ಆಯ್ಕೆ ಇದ್ದರೆ ಅದನ್ನು ‘ಎನೇಬಲ್ಡ್’ ಮಾಡಿ. ಮದರ್‌ಬೋರ್ಡಿನ ವಿಜಿಎ ಮತ್ತೆ ಬರಬಹುದು. ಅರ್ಜೆಂಟ್ ಇದ್ದರೆ ಮಾಡಿಕೊಳ್ಳಿ. ದಿನದ ಕೆಲಸಕ್ಕೆ ಇದು ಬೇಡ ಎನ್ನುತ್ತೇನೆ. ಒಂದೇ ಯಂತ್ರದಲ್ಲಿ ಇಂಟೆಲ್‌ನದೊಂದು, ಎನ್‌ವಿಡಿಯಾದ್ದೊಂದು, ಹೀಗೆ ಎರಡು ಡ್ರೈವರ್ (ಗ್ರಾಫಿಕ್ಸನ್ನು ನಡೆಸುವ ತಂತ್ರಾಂಶ) ಓಡಬೇಕಾಗುತ್ತದೆ. ಎಡಿಟಿಂಗ್ ಕಿಟಕಿಯನ್ನು ಈ ಪರದೆಯಿಂದ ಆ ಪರದೆಗೆ ಎಳೆದಾಗ ಅದು ತಡವರಿಸುವುದೂ ಉಂಟು. ಎರಡೂ ಮಾನಿಟರ್ ಕಾರ್ಡಿಗೇ ಸೇರಲಿ.

ವಿಜಿಎ ಎಂಬ ಕಗ್ಗಂಟು

ಎರಡನ್ನೂ ಕಾರ್ಡಿಗೇ ಹಾಕಲು ಹೋದಾಗ ನಿಜವಾದ ತೊಂದರೆ ಶುರು. ಕಾರ್ಡಿನಲ್ಲಿ ವಿಜಿಎ ಪೋರ್ಟೇ ಇಲ್ಲ. ಹಲವು 1650 ಕಾರ್ಡುಗಳಲ್ಲಿ ಒಂದು ಡಿವಿಐ, ಒಂದು ಎಚ್‌ಡಿಎಂಐ, ಒಂದು ಡಿಸ್‌ಪ್ಲೇಪೋರ್ಟ್ ಇರುತ್ತವೆ. ‘ಡಿವಿಐ ಇದೆಯಲ್ಲ, ಹಳೇ ಕಾರ್ಡಿನ ಜೊತೆ ಬಂದಿದ್ದ, ಡಿವಿಐಯನ್ನು ವಿಜಿಎ ಮಾಡುವ ಬಿಳಿ ಪಿನ್ ಹಾಕಿದರೆ ಆಯ್ತು’ ಅಂದುಕೊಳ್ಳುತ್ತಾರೆ. ಕೈ ತಪ್ಪುವುದು ಇಲ್ಲೇ.

ಡಿವಿಐ ಪೋರ್ಟನ್ನು ಟಾರ್ಚ್ ಹಾಕಿ ಹತ್ತಿರದಿಂದ ನೋಡಿ. ಒಂದು ಕಡೆ ಮೂರು ಸಾಲಿನಲ್ಲಿ 24 ತೂತುಗಳಿವೆ. ಇನ್ನೊಂದು ಕಡೆ ಒಂದು ಅಡ್ಡ ಸೀಳು. ಆ ಸೀಳಿನ ಸುತ್ತ ಇನ್ನೂ ನಾಲ್ಕು ತೂತುಗಳಿದ್ದರೆ ಅದು ಡಿವಿಐ-ಐ. ವಿಜಿಎಗೆ ಬೇಕಾದ ಅನಲಾಗ್ ಸಿಗ್ನಲ್ ಬರುವುದು ಆ ನಾಲ್ಕರಲ್ಲಿ. ನಾಲ್ಕೂ ಇಲ್ಲ, ಬರೀ ಸೀಳು ಮಾತ್ರ ಇದೆ ಎಂದರೆ ಅದು ಡಿವಿಐ-ಡಿ. ಅಲ್ಲಿ ಬರುವುದು ಡಿಜಿಟಲ್ ಮಾತ್ರ. ಎನ್‌ವಿಡಿಯಾ 2016ರ ಜಿಟಿಎಕ್ಸ್ 10 ಸರಣಿಯಿಂದಲೇ ಅನಲಾಗ್ ಕೈಬಿಟ್ಟಿದೆ. ಕಾರ್ಡ್ ಚಿಪ್ ಮಾಡುವ ಇನ್ನೊಂದು ಕಂಪನಿ ಎಎಂಡಿ ಅದಕ್ಕೂ ಮೊದಲೇ ಬಿಡಲು ಶುರು ಮಾಡಿತ್ತು. ಹಳೇ ಬಿಳಿ ಪಿನ್ನನ್ನು ಡಿವಿಐ-ಡಿಗೆ ಒತ್ತಿ ತೂರಿಸಿದರೆ ಅದರ ನಾಲ್ಕು ಪಿನ್ ಬಗ್ಗುತ್ತವೆ, ಪೋರ್ಟೂ ಹಾಳಾಗಬಹುದು. ಇನ್ನು ಆ ನಾಲ್ಕು ಪಿನ್ ಇಲ್ಲದೆಯೇ ‘ಡಿವಿಐ-ಡಿ ಟು ವಿಜಿಎ’ ಎಂದು ಮಾರುವ ಪುಟ್ಟ ಪ್ಲಗ್‌ಗಳು ಬೇರೆ ಇವೆ. ಒಳಗೆ ಚಿಪ್ ಇರುವುದಿಲ್ಲ. ಸರಿಯಾಗಿ ಕೂರುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ಕೊಳ್ಳಬೇಡಿ.

ಬೇಕಾಗಿರುವುದು ಡಿಜಿಟಲನ್ನು ಅನಲಾಗ್ ಮಾಡುವ ಚಿಪ್ ಇರುವ ಆ್ಯಕ್ಟಿವ್ ಕನ್ವರ್ಟರ್. ಹೊಸ ಮಾನಿಟರ್ ಎಚ್‌ಡಿಎಂಐಯಲ್ಲಿ ಇರುವುದರಿಂದ ಹಳೆಯದಕ್ಕೆ ಡಿಸ್‌ಪ್ಲೇಪೋರ್ಟ್‌ನಿಂದ ವಿಜಿಎ ಕನ್ವರ್ಟರ್ ತೆಗೆದುಕೊಳ್ಳಿ. ಎಚ್‌ಡಿಎಂಐಯಿಂದ ವಿಜಿಎ ಮಾಡುವವೂ ಸಿಗುತ್ತವೆ, ಆದರೆ ಎಚ್‌ಡಿಎಂಐ ಪೋರ್ಟ್ ಖಾತ್ರಿಯಾಗಿ ಕೊಡುವುದು 5 ವೋಲ್ಟ್, 55 ಮಿಲಿಆಂಪಿಯರ್ ಅಷ್ಟೇ. ಚಿಪ್ಪಿಗೆ ಅದು ಸಾಲದಿದ್ದರೆ ಪರದೆ ಬಂದು ಹೋಗಿ ಮಾಡುತ್ತದೆ. ಎಚ್‌ಡಿಎಂಐಯದೇ ಬೇಕೆಂದರೆ ಪಕ್ಕದಲ್ಲಿ ಯುಎಸ್‌ಬಿ ಪವರ್ ಕೊಡುವ ಜಾಗ ಇರುವುದನ್ನು ಆರಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವುದಾದರೆ ಅಂಗಡಿಯಲ್ಲೇ ಹಾಕಿ ನೋಡಿ ತನ್ನಿ.

ಕನ್ವರ್ಟರ್ ಹಾಕಿದ ಮೇಲೂ ‘ಔಟ್ ಆಫ್ ರೇಂಜ್’ ಎಂದು ಬಂತೇ? ಭಯ ಬೇಡ, ಅದು ಒಳ್ಳೆಯ ಸುದ್ದಿ. ಸಿಗ್ನಲ್ ತಲುಪಿದೆ, ಚಿತ್ರದ ಅಳತೆ (ರೆಸಲ್ಯೂಶನ್) ಮಾತ್ರ ತಪ್ಪಿದೆ. ಪ್ರತಿ ಮಾನಿಟರ್ ತನ್ನ ಅಳತೆ ಇಷ್ಟು ಎಂದು ಕಂಪ್ಯೂಟರಿಗೆ ತಿಳಿಸುತ್ತದೆ. ವಿಜಿಎ ಕೇಬಲಿನಲ್ಲಿ ಆ ಮಾಹಿತಿ ಹೋಗುವುದು 12 ಮತ್ತು 15ನೇ ಪಿನ್‌ಗಳಲ್ಲಿ. ಎರಡೂ ಮೂರನೇ ಸಾಲಿನಲ್ಲಿವೆ. ಕೇಬಲಿನ ತುದಿ ನೋಡಿ. ನಡುಸಾಲಿನ 9ನೇ ಪಿನ್ ಇಲ್ಲದಿರುವುದು ಮಾಮೂಲು, ಅದರಿಂದ ತೊಂದರೆ ಇಲ್ಲ. 12 ಅಥವಾ 15 ಇಲ್ಲದಿದ್ದರೆ, ಬಗ್ಗಿದ್ದರೆ ಕೇಬಲ್ ಬದಲಿಸಿ. ಪಿನ್ ಸರಿ ಇದ್ದೂ ಹೀಗಾದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಆ ಮಾನಿಟರಿನ ಚೌಕ ಒತ್ತಿ, ನೀವೇ ರೆಸಲ್ಯೂಶನ್ ಕೊಡಿ. ಹದಿನೆಂಟೂವರೆ ಇಂಚಿನವಕ್ಕೆ ಸಾಮಾನ್ಯವಾಗಿ 1366×768, ಚೌಕಾಕಾರದ 17 ಇಂಚಿನವಕ್ಕೆ 1280×1024.

ಒಂದು ಮಾತು ಸೇರಿಸಬೇಕು. ‘ಜಿಟಿಎಕ್ಸ್ 1050 ಟಿಐ’ ಎಂದು ಕಡಿಮೆ ಬೆಲೆಗೆ ಕೊಂಡ ಕಾರ್ಡಿನಲ್ಲಿ ನೀಲಿ ವಿಜಿಎ ಪೋರ್ಟ್ ಇದ್ದರೆ ಖುಷಿಪಡುವ ಮೊದಲು ಅನುಮಾನ ಪಡಿ. ಹಳೇ ಕಾರ್ಡಿಗೆ ಹೊಸ ಹೆಸರು ತುಂಬಿ ಮಾರುವ ದಂಧೆ ಇದೆ. ‘ಜಿಪಿಯು-ಝಡ್’ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿ. ನಕಲಿ ಎನ್‌ವಿಡಿಯಾ ಕಾರ್ಡುಗಳ ಹೆಸರಿನ ಮುಂದೆ ಅದು ‘ಫೇಕ್’ ಎಂದೇ ತೋರಿಸುತ್ತದೆ.

ಇನ್ನೆರಡು ಕೇಬಲ್ ತಪ್ಪುಗಳು. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಸಾದಾ ಕೇಬಲ್ ಒಂದೇ ದಿಕ್ಕಿನದು. ಡಿಸ್‌ಪ್ಲೇಪೋರ್ಟ್ ತುದಿ ಕಂಪ್ಯೂಟರಿನ ಕಡೆಗೇ ಇರಬೇಕು. ಅದನ್ನೇ ತಿರುಗಿಸಿ, ಕಾರ್ಡಿನ ಎಚ್‌ಡಿಎಂಐಯಿಂದ ಮಾನಿಟರಿನ ಡಿಸ್‌ಪ್ಲೇಪೋರ್ಟ್‌ಗೆ ಹಾಕಿದರೆ ಚಿತ್ರ ಬರುವುದಿಲ್ಲ. ಎರಡನೆಯದು, ಎಚ್‌ಡಿಎಂಐ ಸ್ಪ್ಲಿಟರ್. ಅದು ಒಂದೇ ಚಿತ್ರವನ್ನು ಎರಡೂ ಕಡೆ ತೋರಿಸುತ್ತದೆ ಅಷ್ಟೇ. ಒಂದರಲ್ಲಿ ಆಲ್ಬಂ, ಇನ್ನೊಂದರಲ್ಲಿ ಫೋಟೊ ಫೋಲ್ಡರ್ ಬೇಕೆನ್ನುವವರಿಗೆ ಅದು ದಂಡ.

ಡ್ರೈವರ್

ಕೇಬಲ್ ಸರಿ ಇದ್ದೂ ಒಂದೇ ಪರದೆ ಬರುತ್ತಿದ್ದರೆ ಡಿವೈಸ್ ಮ್ಯಾನೇಜರ್ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ನೋಡಿ. ಅಲ್ಲಿ ಕಾರ್ಡಿನ ಹೆಸರಿನ ಬದಲು ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಡ್ರೈವರ್ ಕೂತಿಲ್ಲ. ಎರಡನೇ ಮಾನಿಟರ್ ಬಾರದಿರಲು ಅದೇ ಸಾಕು. ಎನ್‌ವಿಡಿಯಾ ಅಥವಾ ಎಎಂಡಿಯ ಸ್ವಂತ ಜಾಲತಾಣದಿಂದಲೇ ಡ್ರೈವರ್ ಇಳಿಸಿಕೊಳ್ಳಿ. ‘ನಿಮ್ಮ ಡ್ರೈವರ್ ನಾವೇ ಹುಡುಕಿ ಕೊಡ್ತೀವಿ’ ಎನ್ನುವ ಆ್ಯಪ್‌ಗಳ ಸಹವಾಸವೇ ಬೇಡ.

ಮೊದಲಿದ್ದದ್ದು ಎಎಂಡಿ ಕಾರ್ಡ್, ಈಗ ಹಾಕಿದ್ದು ಎನ್‌ವಿಡಿಯಾ ಎಂದಾದರೆ ಹಳೇ ಡ್ರೈವರ್ ಪೂರ್ತಿ ತೆಗೆಯಿರಿ. ಹೊಸ ಡ್ರೈವರನ್ನು ಮೊದಲೇ ಇಳಿಸಿಟ್ಟು, ಇಂಟರ್ನೆಟ್ ಕೇಬಲ್ ಕಿತ್ತು, ಸೇಫ್ ಮೋಡ್‌ಗೆ ಹೋಗಿ ‘ಡಿಡಿಯು’ (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ತಂತ್ರಾಂಶ) ಓಡಿಸಿ. ಇಂಟರ್ನೆಟ್ ಯಾಕೆ ಕೀಳಬೇಕು ಎಂದರೆ, ನೀವು ಹಳೆಯದನ್ನು ತೆಗೆದ ಕೂಡಲೇ ವಿಂಡೋಸ್ ತನಗೆ ತೋಚಿದ ಡ್ರೈವರನ್ನು ನಡುವೆ ತಂದು ಹಾಕುತ್ತದೆ.

ಇದಾದ ಮೇಲೆ ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿ. ಮಾನಿಟರಿನ ಇನ್‌ಪುಟ್ ಬಟನ್ ಒತ್ತಿ ಸರಿಯಾದ ಪೋರ್ಟ್ ಆರಿಸಿ, ಕೆಲವು ಹಳೇ ಮಾನಿಟರುಗಳು ತಾವಾಗಿ ಹುಡುಕುವುದಿಲ್ಲ. ಕಂಪ್ಯೂಟರ್ ಶುರುವಾಗುವಾಗ ಬಯೋಸ್ ಪರದೆ ಒಂದೇ ಮಾನಿಟರಿನಲ್ಲಿ ಬರುವುದು ಸಹಜ, ಎರಡನೆಯದು ವಿಂಡೋಸ್ ಬಂದ ಮೇಲೆ ಏಳುತ್ತದೆ.

ಇಷ್ಟಾದರೂ ಬಾರದಿದ್ದರೆ ಅದಲು ಬದಲು ಪರೀಕ್ಷೆ ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಚೆನ್ನಾಗಿ ಬರುತ್ತಿರುವ ಮಾನಿಟರನ್ನು ಅದರ ಕೇಬಲ್ ಸಮೇತ, ಹೊಂದುವ ಇನ್ನೊಂದು ಪೋರ್ಟಿಗೆ ಹಾಕಿ. ಬಂತೆಂದರೆ ಪೋರ್ಟ್ ಸರಿ ಇದೆ, ತಪ್ಪು ಕನ್ವರ್ಟರ್, ಕೇಬಲ್ ಅಥವಾ ಹಳೇ ಮಾನಿಟರಿನದು. ಬರಲಿಲ್ಲವೆಂದರೆ ಕಾರ್ಡನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ಅದೇ ಪೋರ್ಟ್ ನೋಡಿ. ಅಲ್ಲೂ ಅದು ಸುಮ್ನೆ ಇದ್ದರೆ ಆಗ ಕಾರ್ಡ್ ಡಿಫೆಕ್ಟ್ ಎನ್ನಬಹುದು. ಬಿಲ್ ಜೊತೆ ಅದನ್ನು ಅಂಗಡಿಗೆ ಕೊಂಡೊಯ್ಯುವಾಗ ನಿಮ್ಮ ಕೇಬಲನ್ನೂ ಒಯ್ಯಿರಿ. ಯಾವ ಪೋರ್ಟ್ ಬರುತ್ತಿಲ್ಲ ಎಂಬುದನ್ನು ಅವರೆದುರೇ ಹಾಕಿ ತೋರಿಸಿ, ವಾರಂಟಿ ಚೀಟಿಯಲ್ಲಿ ಆ ಪೋರ್ಟಿನ ಹೆಸರನ್ನೇ ಬರೆಸಿ.