ಸ್ಟಿಯರಿಂಗ್ ಭಾರವಾದರೆ ಮೊದಲು ಟೈರ್ ನೋಡಿ

ನಮ್ಮ ಮನೆಯಲ್ಲಿ ಪವರ್ ಸ್ಟಿಯರಿಂಗ್ ಇಲ್ಲದ ಹಳೆಯ ಪುಟ್ಟ ಕಾರೊಂದಿದೆ. ಗೇಟಿನೊಳಗೆ ಅದನ್ನು ತಿರುಗಿಸಿ ನಿಲ್ಲಿಸಿದ ಹೆಂಡತಿ ಒಂದು ದಿನ, "ಇದು ಕಾರೋ, ಬೀಸುವ ಕಲ್ಲೋ?" ಎಂದು ಕೇಳಿದಳು. ಗ್ಯಾರೇಜಿನವನು ಸ್ಟಿಯರಿಂಗ್ ಬಾಕ್ಸನ್ನೇ ಬದಲಿಸಬೇಕೆಂದ. ನನಗೆ ಹೆಂಡತಿಯ ಮಾತೇ ಸರಿಯೆನಿಸಿತು. ನಿಂತ ಕಾರಿನ ಚಕ್ರ ತಿರುಗಿಸುವುದೆಂದರೆ ರಬ್ಬರನ್ನು ನೆಲದ ಮೇಲೆ ಬೀಸಿದಂತೆಯೇ.

ಮೊದಲು ಸಮತಟ್ಟಾದ ನೆಲದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡೂ ಚಕ್ರಗಳು ನೆಲ ಬಿಡುವಂತೆ ಕಾರಿನ ಮುಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಈಗಲೂ ಸ್ಟಿಯರಿಂಗ್ ಬಿಗಿಯಾಗಿದ್ದರೆ ದೋಷ ಚಕ್ರ ಹೊರಳಲು ಬಿಡುವ ಗುಂಡುಕೀಲಾದ ಬಾಲ್ ಜಾಯಿಂಟಿನಲ್ಲೋ, ಸ್ಟಿಯರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ರ‍್ಯಾಕಿನಲ್ಲೋ ಇದೆ. ಮೆಕ್ಯಾನಿಕ್ ಬಳಿಗೆ ಹೋಗಿ. ಬೆರಳಲ್ಲಿ ತಿರುಗಿದರೆ ಭಾರ ಬರುತ್ತಿರುವುದು ಟೈರ್ ನೆಲಕ್ಕೆ ತಾಗುವಲ್ಲಿ. ನಮ್ಮದು ಬೆರಳಲ್ಲೇ ತಿರುಗಿತು.

ಕಾರನ್ನು ಇಳಿಸಿ. ಎರಡು ರಟ್ಟಿನ ಪಟ್ಟಿಗಳನ್ನು ಟೈರಿನ ಮುಂದಿನಿಂದ ಒಂದು, ಹಿಂದಿನಿಂದ ಒಂದು, ಸಿಕ್ಕಿಕೊಳ್ಳುವವರೆಗೆ ಅಡಿಗೆ ತಳ್ಳಿ. ನಡುವೆ ಉಳಿದ ಅಂತರವೇ ಟೈರ್ ನೆಲ ಹಿಡಿದಿರುವ ಉದ್ದ. ಗಾಳಿ ಇಳಿದಷ್ಟೂ ಅದು ಹೆಚ್ಚುತ್ತದೆ. ಚಕ್ರವೊಂದರ ಮೇಲೆ 250 ಕಿಲೋ ಇದ್ದರೆ, 30 ಪಿಎಸ್‌ಐ ಒತ್ತಡದಲ್ಲಿ ನೆಲಕ್ಕೆ ತಾಗುವ ಜಾಗ ಸುಮಾರು 120 ಚದರ ಸೆಂಟಿಮೀಟರ್. 20ಕ್ಕೆ ಇಳಿದರೆ ಸುಮಾರು 180.

ಇನ್ನು ಸಾಮಾನು ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯನ್ನು ಸ್ಟಿಯರಿಂಗ್ ಅಂಚಿಗೆ ಸಿಕ್ಕಿಸಿ, ಅಂಚಿನ ಗುಂಟ ನೇರವಾಗಿ ಎಳೆಯಿರಿ. ಮೊದಲ ಜಗ್ಗಿನ ಅಂಕಿ ಬೇಡ, ಚಕ್ರ ತಿರುಗುತ್ತಿರುವಾಗಿನದು ಬೇಕು. ನನಗೆ 20 ಪಿಎಸ್‌ಐಯಲ್ಲಿ 11 ಕಿಲೋ ಬಂತು. ಬೆಳಗ್ಗೆ ಟೈರ್ ತಣ್ಣಗಿದ್ದಾಗ 30ಕ್ಕೆ ತುಂಬಿಸಿದ ಮೇಲೆ 9. ವಿನ್ಯಾಸಕಾರರ ಹಳೆಯ ಲೆಕ್ಕವೂ ಹೀಗೇ: ನಿಂತ ಚಕ್ರವನ್ನು ಹೊರಳಿಸಲು ಬೇಕಾದ ತಿರುಚುಬಲ ಗಾಳಿಯ ಒತ್ತಡದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಹಾಗೆಂದು ಹಗುರವಾಗಲೆಂದು ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ಗಾಳಿ ತುಂಬಬೇಡಿ. ಟೈರಿನ ನಡುಭಾಗ ಬೇಗ ಸವೆಯುತ್ತದೆ.

ಅಗಲದ ಟೈರ್, ಹೊರಚಾಚಿದ ಅಲಾಯ್ ಚಕ್ರ ಹಾಕಿಸಿದ್ದೀರಾ? ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಎಡಬಲಕ್ಕೆ ಹೊರಳುವ ಅಕ್ಷರೇಖೆ ನೆಲ ಮುಟ್ಟುವ ಬಿಂದುವಿನಿಂದ ಟೈರಿನ ಮಧ್ಯ ದೂರ ಸರಿದು, ಚಕ್ರ ಗುಂಡಿಗೆ ಬಿದ್ದಾಗಲೂ ಒಂದೇ ಕಡೆ ಬ್ರೇಕ್ ಹಿಡಿದಾಗಲೂ ಕೈಗೆ ಜಗ್ಗು ಬರುತ್ತದೆ. ಶೋಕಿಗೆ ಕೊಡುವ ಬೆಲೆ ಅದು.

ಆದರೆ ಓಡುವ ಕಾರಿನ ಭಾರವನ್ನೆಲ್ಲ ದೋಷವೆನ್ನಬೇಡಿ. ತಿರುವಿನಲ್ಲಿ ನೆಲ ಟೈರನ್ನು ಪಕ್ಕಕ್ಕೆ ತಳ್ಳುವ ಅಡ್ಡಬಲ ನೆಲಕ್ಕೆ ತಾಗಿದ ಭಾಗದ ನಡುವಿಗಿಂತ ತುಸು ಹಿಂದೆ ಬಿದ್ದು, ಚಕ್ರವನ್ನು ನೇರಕ್ಕೆ ಎಳೆಯುತ್ತದೆ. ಹಿಡಿತ ಪೂರ್ತಿ ತಪ್ಪುವ ಮುನ್ನವೇ ಈ ಎಳೆತ ಕುಗ್ಗುತ್ತದೆ. ಮಳೆಯ ರಸ್ತೆಯ ತಿರುವಿನಲ್ಲಿ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರವಾದರೆ ಇನ್ನಷ್ಟು ತಿರುಗಿಸಬೇಡಿ, ಮೆಲ್ಲನೆ ಆಕ್ಸಿಲರೇಟರ್ ಬಿಡಿ.

ಗೇಟಿನೊಳಗಿನ ಕಷ್ಟಕ್ಕೆ ಹೆಂಡತಿ ತಾನೇ ಉಪಾಯ ಕಂಡುಕೊಂಡಳು: ಕಾರು ಇಂಚಿಂಚು ಉರುಳುತ್ತಿರುವಾಗ ಮಾತ್ರ ತಿರುಗಿಸುತ್ತಾಳೆ. ತಕ್ಕಡಿ ಈಗ ಅಡುಗೆಮನೆಗೆ ಮರಳಿದೆ.